ಧ್ಯಾನದ ಕೋಣೆಗೆ ಗುಮ್ಮಟವೋ, ಹೆಂಚೋ, ಶೀಟೋ?

ತೋಟದ ಮೂಲೆಯಲ್ಲಿ ಧ್ಯಾನಕ್ಕೆ ಅಂತ ಒಂದು ಸಣ್ಣ ಕೋಣೆ ಕಟ್ಟಿಸುವ ಯೋಚನೆ ಇದ್ದರೆ ಹೆಂಚು ಹೊದಿಸಿ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನನ್ನದು ಹಾಗೇ ಇದೆ. ಅದನ್ನು ಕಟ್ಟಿಸುವ ಮೊದಲು ಅಕ್ಕನ ಮನೆ ತಾರಸಿಯ ಶೀಟಿನ ಕೋಣೆಯಲ್ಲಿ ಕೂತಿದ್ದೆ, ಒಂದು ಶಿಬಿರದ ಗುಮ್ಮಟದಲ್ಲೂ ಕೂತಿದ್ದೆ.

ಶೀಟಿಗೆ ಖರ್ಚು ಕಡಿಮೆ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ತಗಡಿನ ಕೆಳಗೆ ಕೂರುವುದು ಆಗದ ಮಾತು. ಬೇಸಿಗೆಯಲ್ಲಿ ಸೆಕೆ.

ಗುಮ್ಮಟದ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಧ್ಯಾನ ಅಂದ ಕೂಡಲೇ ಎಲ್ಲರಿಗೂ ಗುಮ್ಮಟ ನೆನಪಾಗುತ್ತದೆ. ನೋಡಲು ಚೆಂದವೇ, ಒಳಗೆ ತಂಪೂ ಇರುತ್ತದೆ. ತೊಂದರೆ ಇರುವುದು ಸದ್ದಿನದು. 1656ರಲ್ಲಿ ಮುಗಿದ ವಿಜಯಪುರದ ಗೋಲ್ ಗುಂಬಜ್‌ನಲ್ಲಿ ಪಿಸುಮಾತು ಆಚೆ ತುದಿಗೆ ಕೇಳುತ್ತದೆ ಅಂತ ಜನ ಖುಷಿಪಡುತ್ತಾರೆ, ಅಲ್ವಾ? ಸುಮ್ನೆ ಕೂರಲು ಬಂದವರಿಗೆ ಅದೇ ಕಾಟ. ಬಾಗಿದ ಮಾಡು ಸದ್ದನ್ನು ಚದುರಲು ಬಿಡುವುದಿಲ್ಲ, ಒಟ್ಟು ಮಾಡಿ ನಡುವಿಗೆ ವಾಪಸ್ ಕಳಿಸುತ್ತದೆ.

ನಾನು ಕೂತ ಗುಮ್ಮಟ ಗಿಡ್ಡ ಗೋಡೆಯ ಮೇಲೆ ಎದ್ದಿತ್ತು. ಅರ್ಧಗೋಳ ಶುರುವಾಗುವ ಎತ್ತರವೂ ನೆಲದಲ್ಲಿ ಕೂತವರ ಕಿವಿಯ ಎತ್ತರವೂ ಹೆಚ್ಚುಕಡಿಮೆ ಒಂದೇ. ಸದ್ದು ಬಂದು ಸೇರುವ ಜಾಗ ಸರಿಯಾಗಿ ಅದೇ. ನಡುವೆ ಕೂತರೆ ನಾನು ಎಂಜಲು ನುಂಗಿದ್ದು ನನಗೇ ಜೋರಾಗಿ ಕೇಳುತ್ತಿತ್ತು. ಆಚೆ ಕೂತವರೊಬ್ಬರು ಕೆಮ್ಮಿದರೆ ಬೆನ್ನ ಹಿಂದೆಯೇ ಕೆಮ್ಮಿದ ಹಾಗೆ. ಉಸಿರಿನ ಮೇಲೆ ಗಮನ ಇಡಲು ಹೋದವರು ಸದ್ದಿನ ಲೆಕ್ಕ ಹಾಕುತ್ತಾ ಕೂರಬೇಕು.

ಆಮೇಲೆ ಶಿಬಿರದವರು ನೆಲಕ್ಕೆ ದಪ್ಪ ನಾರಿನ ಚಾಪೆ ಹಾಸಿದರು. ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಗುಮ್ಮಟವೇ ಬೇಕು ಅನ್ನುವವರು ಗೋಡೆಯನ್ನು ಆಳೆತ್ತರಕ್ಕಿಂತ ಮೇಲೆ ಏರಿಸಿ, ಆಮೇಲೆ ಗುಮ್ಮಟ ಶುರುಮಾಡಲಿ. ಸದ್ದು ಸೇರುವ ಜಾಗ ತಲೆಗಿಂತ ಮೇಲೆ ಹೋಗುತ್ತದೆ. ಕೂರುವ ಜಾಗವನ್ನೂ ನಡುವಿನಿಂದ ಬದಿಗೆ ಸರಿಸಲಿ. ಇಷ್ಟು ಮಾಡುವಷ್ಟರಲ್ಲಿ ಖರ್ಚು ಏರಿರುತ್ತದೆ. ಗುಮ್ಮಟ ಕಟ್ಟಿ ಅಭ್ಯಾಸ ಇರುವ ಗಾರೆಯವರು ನಮ್ಮ ಕಡೆ ಸಿಗುವುದೂ ಕಷ್ಟ.

ಹೆಂಚಿನ ಮಾಡು ಇಳಿಜಾರು. ಒಳಗಿನಿಂದ ನೋಡಿದರೆ ಹೆಂಚು ಹೊರುವ ಮರದ ರೀಪು, ಪಕಾಸಿ, ಹೆಂಚಿನ ಏಣು. ಸದ್ದು ಅಲ್ಲೇ ಒಡೆದುಹೋಗುತ್ತದೆ. ಬಿಸಿಗಾಳಿ ಸಂದಿನಲ್ಲಿ ಹೊರಗೆ ಹೋಗುತ್ತದೆ. ಮಳೆ ಕೇಳುತ್ತದೆ, ಆದರೆ ತಗಡಿನಷ್ಟು ಅಬ್ಬರ ಇಲ್ಲ. ಬೆಳಕಿಗೆ ಉತ್ತರದ ಇಳಿಜಾರಿನಲ್ಲಿ ಒಂದು ಗಾಜಿನ ಹೆಂಚು ಹಾಕಿಸಿದ್ದೇನೆ.

ಗೋಡೆಗೆ ಒತ್ತಿದ ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆ ಅಂತ 1974ರಲ್ಲಿ ಶುರುವಾದ ‘ಅಸ್ತ್ರ’ (ASTRA) ಕೇಂದ್ರದವರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತುತ್ತಾರೆ, ಸುಡುವ ಕೆಲಸ ಇಲ್ಲ. ನಮ್ಮ ಮಳೆಗೆ ಸೂರು ಮಾತ್ರ ಧಾರಾಳವಾಗಿ ಮುಂದೆ ಚಾಚಿರಬೇಕು.

ಮಂಗ ಹೆಂಚು ಒಡೆಯುತ್ತದೆ, ನಿಜ. ಮಳೆಗಾಲಕ್ಕೆ ಮೊದಲು ಒಮ್ಮೆ ಕೈಯಾಡಿಸಬೇಕು, ಸಂದಿನಿಂದ ಕಸವೂ ಬೀಳುತ್ತದೆ. ನಾನು ಬೆಳಗಿನ ಜಾವ ಒಬ್ಬಳೇ ಕೂರುವವಳು, ಹೇಗೂ ಮೊದಲು ಗುಡಿಸಿಯೇ ಕೂರುತ್ತೇನೆ. ಹತ್ತಾರು ಜನ ಒಟ್ಟಿಗೆ ಕೂರುವ ಶಿಬಿರಕ್ಕಾದರೂ ನಾನು ಹೆಂಚನ್ನೇ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಕೆಮ್ಮುವವರೂ ಜಾಸ್ತಿ ಇರುತ್ತಾರೆ.