ಹಳೇ ವಿಂಚೆಸ್ಟರ್‌ಗೆ ತೋಟಾ ತುಂಬುವವರು ಕೇಸಿನೊಳಗೆ ಬೆಳಕು ಬಿಟ್ಟು ನೋಡಿ

ಹೋದ ತಿಂಗಳು ನನ್ನ ವಿಂಚೆಸ್ಟರ್ ಕೋವಿಯ ನಳಿಗೆ ಹಾಳಾಯಿತು. ನಾನೇ ಮನೆಯಲ್ಲಿ ಕೂತು ತುಂಬಿದ ತೋಟಾದಿಂದ. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ. ಇಲ್ಲಿ ಅಮೆರಿಕದಲ್ಲಿ ರೀಲೋಡಿಂಗ್, ಅಂದರೆ ಹೊಡೆದ ತೋಟಾಕ್ಕೆ ಮನೆಯಲ್ಲೇ ಮತ್ತೆ ಮದ್ದು ತುಂಬುವ ಕೆಲಸ, ಮಾಡುವ ಕನ್ನಡದವರು ನನಗೆ ಗೊತ್ತಿರುವಂತೆಯೇ ಹಲವರಿದ್ದಾರೆ. ಅದಕ್ಕೇ ಏನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಕೋವಿ 1873ರ ಮಾಡೆಲ್. ಕೆಳಗಿನ ಲಿವರ್ ಎಳೆದು ತೋಟಾ ಏರಿಸುವಂಥದ್ದು, 44-40 ತೋಟಾದ್ದು, ಎಂಟು ಮೂಲೆಯ ನಳಿಗೆ. ವಯೋಮಿಂಗ್‌ನ ಕೋಡಿ ಮ್ಯೂಸಿಯಂನಲ್ಲಿ ಕಂಪನಿಯ ಹಳೇ ದಾಖಲೆಗಳಿವೆ. ಅಲ್ಲಿಂದ ಪತ್ರ ತರಿಸಿದಾಗ ನನ್ನದು 1889ರದ್ದು ಅಂತ ಗೊತ್ತಾಯಿತು. ಕಪಾಟಿನಲ್ಲಿಟ್ಟು ನೋಡುವುದಕ್ಕಲ್ಲ, ಹೊಡೆಯುವುದಕ್ಕೇ ಅಂತ ತೆಗೆದುಕೊಂಡಿದ್ದೆ. ಈ ತೋಟಾ ಅಂಗಡಿಯಲ್ಲಿ ಸಿಗುವುದು ಕಡಿಮೆ, ಸಿಕ್ಕರೂ ದುಬಾರಿ. ಹಾಗಾಗಿ ಖಾಲಿ ಕೇಸಿಗೆ, ಅಂದರೆ ತೋಟಾದ ಲೋಹದ ಕವಚಕ್ಕೆ, ಮತ್ತೆ ಮದ್ದು ತುಂಬುವುದನ್ನು ಕಲಿತೆ.

ತೀರ್ಥಹಳ್ಳಿ ಕಡೆ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿ ಇತ್ತು. ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೊಟ್ಟು ಬರುತ್ತಿದ್ದದ್ದು. ಅಜ್ಜ ನಳಿಗೆಗೆ ಕರಿಮದ್ದು ಸುರಿದು ಗಜ ಹಾಕಿ ಜಡಿಯುವುದನ್ನು ನೋಡುತ್ತಾ ಬೆಳೆದವನು ನಾನು. ಗಜ ಎಷ್ಟು ಹೊರಗೆ ಉಳಿದಿದೆ ಅಂತ ನೋಡಿಯೇ ಮದ್ದು ಎಷ್ಟು ಬಿದ್ದಿದೆ ಅಂತ ಅವರಿಗೆ ತಿಳಿಯುತ್ತಿತ್ತು. ಆಗ ಅದು ಸುಮ್ನೆ ಅಭ್ಯಾಸ ಅಂದುಕೊಂಡಿದ್ದೆ. ಅಜ್ಜ ಪ್ರತಿ ಸಲ ಅಳೆದು ನೋಡುತ್ತಿದ್ದರು ಅನ್ನುವುದು ಈಗ ಅರ್ಥವಾಗುತ್ತಿದೆ.

44-40 ಅನ್ನುವ ಹೆಸರಿನಲ್ಲಿ ಕೊನೆಯ 40 ಇದೆಯಲ್ಲ, ಅದು 40 ಗ್ರೇನ್ ಕರಿಮದ್ದು. ಒಂದು ಗ್ರಾಂಗೆ ಸುಮಾರು ಹದಿನೈದೂವರೆ ಗ್ರೇನ್. ಕೇಸನ್ನು ಮಾಡಿದ್ದೇ ಅಷ್ಟು ಮದ್ದು ಭರ್ತಿ ತುಂಬಲಿ ಅಂತ. ಹೊಗೆ ಇಲ್ಲದ ಈಗಿನ ಪುಡಿ ಹಾಗಲ್ಲ. ಅದರ ಶಕ್ತಿ ಎಷ್ಟೋ ಜಾಸ್ತಿ. ನಾನು ಬಳಸುತ್ತಿದ್ದ ಪುಡಿ ತೂಕದಲ್ಲಿ ಕರಿಮದ್ದಿನ ಐದನೇ ಒಂದು ಪಾಲಿನಷ್ಟೇ ಬೇಕು. ಕೇಸಿನ ತಳದಲ್ಲಿ ಸ್ವಲ್ಪ ಪುಡಿ, ಮೇಲೆಲ್ಲ ಖಾಲಿ ಜಾಗ. ತಪ್ಪಿ ಎರಡು ಪಾಲು ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಗುಂಡು ಕೂರಿಸಿ ಬಾಯಿ ಒತ್ತಿಬಿಟ್ಟರೆ ಒಳಗೆ ಏನಿದೆ ಅಂತ ಹೊರಗಿನಿಂದ ಯಾರೂ ಹೇಳಲಾರರು.

ಅವತ್ತು ಸಂಜೆ ಗ್ಯಾರೇಜಿನಲ್ಲಿ ಕೂತು ಐವತ್ತು ಕೇಸು ತುಂಬುತ್ತಿದ್ದೆ. ಅಳತೆ ಯಂತ್ರದ ಹಿಡಿ ಒಂದು ಸಲ ಎತ್ತಿ ಇಳಿಸಿದರೆ ಒಂದು ಪಾಲು ಪುಡಿ ಕೊಳವೆಯಿಂದ ಕೆಳಗೆ ಬೀಳುತ್ತದೆ. ಅಷ್ಟರಲ್ಲಿ ಅಮ್ಮ ಫೋನ್ ಮಾಡಿದರು. ಊರಲ್ಲಿ ಆಗ ಬೆಳಗ್ಗೆ. ಈ ಸಲ ಮಳೆ ಬಿಡುತ್ತಿಲ್ಲ, ಅಡಿಕೆಗೆ ಕೊಳೆ ಬಂದಿದೆ, ಔಷಧಿ ಹೊಡೆಯಲು ಜನ ಸಿಗುತ್ತಿಲ್ಲ ಅಂತೆಲ್ಲ ಹೇಳುತ್ತಿದ್ದರು. ಫೋನನ್ನು ಸ್ಪೀಕರ್‌ಗೆ ಹಾಕಿ "ಹೂಂ ಅಮ್ಮಾ, ಹೂಂ" ಅನ್ನುತ್ತಾ ಹಿಡಿ ಎತ್ತಿ ಇಳಿಸುತ್ತಲೇ ಇದ್ದೆ. ಒಂದೋ ಫೋನಿನಲ್ಲಿ ಮಾತಾಡಬೇಕಿತ್ತು, ಇಲ್ಲಾ ಮದ್ದು ತುಂಬಬೇಕಿತ್ತು.

ನನ್ನ ಪುಡಿ ಚಕ್ಕೆ ಚಕ್ಕೆಯಾಗಿರುವಂಥದ್ದು. ಇಂಥ ಪುಡಿ ಕೆಲವೊಮ್ಮೆ ಕೊಳವೆಯಲ್ಲಿ ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಡುತ್ತದೆ. ಹಿಟ್ಟಿನ ಗಿರಣಿಯ ಬಾಯಲ್ಲಿ ಹಿಟ್ಟು ಕಟ್ಟಿಕೊಳ್ಳುತ್ತದಲ್ಲ, ಹಾಗೆ. ಆಗ ಒಂದು ಕೇಸಿಗೆ ನಾಲ್ಕು ಚಕ್ಕೆ ಮಾತ್ರ ಬೀಳುತ್ತದೆ. ಮುಂದಿನ ಸಲ ಹಿಡಿ ಇಳಿಸಿದಾಗ ನಿಂತಿದ್ದದ್ದು, ಹೊಸದು ಎರಡೂ ಸೇರಿ ಪಕ್ಕದ ಕೇಸಿಗೆ ಬೀಳುತ್ತವೆ. ಒಂದು ಹೆಚ್ಚುಕಡಿಮೆ ಖಾಲಿ, ಅದರ ಪಕ್ಕದ್ದು ಡಬಲ್. ಟಾರ್ಚ್ ಹಿಡಿದು ಕೇಸುಗಳ ಒಳಗೆ ಬಗ್ಗಿ ನೋಡಿದ್ದರೆ ಒಂದೇ ನಿಮಿಷದಲ್ಲಿ ಕಾಣುತ್ತಿತ್ತು. ನಾನು ನೋಡಲಿಲ್ಲ. ನೇರ ಗುಂಡು ಕೂರಿಸಿದೆ.

ಶನಿವಾರ ಗುರಿ ಹೊಡೆಯುವ ರೇಂಜಿಗೆ ಹೋದೆ. ಹದಿನೇಳು ತೋಟಾ ಚೆನ್ನಾಗಿ ಹೋದವು. ಹದಿನೆಂಟನೆಯದಕ್ಕೆ "ಫುಸ್" ಅಂತ ಸಣ್ಣ ಸದ್ದು. ಕಿವಿಗೆ ಮಫ್ ಹಾಕಿದ್ದರಿಂದ ಅದೂ ಸರಿಯಾಗಿ ಕೇಳಲಿಲ್ಲ. ಹೆಗಲಿಗೆ ಒದೆತ ಇಲ್ಲ. ಲಿವರ್ ಎಳೆದಾಗ ಖಾಲಿ ಕೇಸಿನ ಜೊತೆ ಅರ್ಧ ಬೆಂದ ಪುಡಿ ಕೈಮೇಲೆ ಉದುರಿತು, ಕರಿದ ಸಾಸಿವೆ ಸಿಡಿದ ಹಾಗೆ. ಅದನ್ನು ಕಣ್ಣಾರೆ ನೋಡಿದೆ. ನೋಡಿಯೂ ಕೈ ಒರೆಸಿಕೊಂಡು ಮುಂದಿನ ತೋಟಾ ಏರಿಸಿ ಹೊಡೆದೆ. ಒಂದೇ ಲಯದಲ್ಲಿ ಹೊಡೆಯುತ್ತಿರುವಾಗ ಕೈ ನಿಲ್ಲುವುದಿಲ್ಲ, ಅಲ್ವಾ?

ಮೊದಲಿನ ಗುಂಡು ನಳಿಗೆಯ ಒಳಗೇ ಸಿಕ್ಕಿಕೊಂಡಿತ್ತು. ಎರಡನೆಯದು ಹಿಂದಿನಿಂದ ಹೋಗಿ ಅದಕ್ಕೆ ಗುದ್ದಿತು. ಭುಜ ಕಳಚಿ ಹೋಗುವಂಥ ಒದೆತ. ಎರಡೂ ಗುಂಡು ಹೊರಗೆ ಹೋಗಿದ್ದವು. ಆದರೆ ನಳಿಗೆಯ ಮೇಲೆ ಬೆರಳು ಓಡಿಸಿದರೆ ಒಂದು ಕಡೆ ಸಣ್ಣದಾಗಿ ಉಬ್ಬು ತಾಗುತ್ತದೆ. ಒಳಗೆ ಬೆಳಕು ಬಿಟ್ಟರೆ ಅದೇ ಜಾಗದಲ್ಲಿ ಕಪ್ಪು ಉಂಗುರ. ನೂರಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲ ಎಷ್ಟೋ ಜನರ ಕೈಯಲ್ಲಿ ಸರಿಯಾಗಿದ್ದ ನಳಿಗೆ. ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ನೋಡಿ, ಒಳಗೆ ಹೊಸ ಕೊಳವೆ ಕೂರಿಸಬಹುದು, ಮೊದಲಿನ ನಳಿಗೆ ಮಾತ್ರ ವಾಪಸ್ ಬರುವುದಿಲ್ಲ ಅಂದರು.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಅದಲ್ಲ. ಮನೆಗೆ ಬಂದು ಉಳಿದ 31 ತೋಟಾಗಳನ್ನೂ ಬಿಚ್ಚಿದೆ. ಮುಚ್ಚಿದ ತೋಟಾವನ್ನು ತಕ್ಕಡಿಗೆ ಹಾಕಿ ನೋಡಿದರೆ ಸಾಲದು, ಕೇಸು ಕೇಸಿಗೆ, ಸೀಸದ ಗುಂಡು ಗುಂಡಿಗೆ ತೂಕ ಬೇರೆ ಇರುತ್ತದೆ. ಹಾಗಾಗಿ ಒಂದೊಂದನ್ನೇ ಕುಟ್ಟಿ ಬಿಚ್ಚುವ ಸುತ್ತಿಗೆಗೆ ಸಿಕ್ಕಿಸಿ, ಗುಂಡು ಕಳಚಿ, ಪುಡಿ ತೂಗಿದೆ. ಇಪ್ಪತ್ತಮೂರನೆಯದರಲ್ಲಿ ತಕ್ಕಡಿಯ ಅಂಕಿ ಏರುತ್ತಲೇ ಹೋಯಿತು. ಹೆಚ್ಚುಕಡಿಮೆ ಎರಡು ಪಾಲು. ಮತ್ತೆ ತೂಗಿದೆ, ಅದೇ. ಆ ತೋಟಾ ಡಬ್ಬಿಯಲ್ಲಿ ಉಳಿದವುಗಳ ಜೊತೆ ನಿಂತಿತ್ತು, ನೋಡಲು ಎಲ್ಲದರ ಹಾಗೇ. ಬೆಳಗ್ಗೆ ಕೈ ಹಾಕಿದಾಗ ಅದು ಬರಲಿಲ್ಲ, ಅಷ್ಟೇ.

1873ರ ಮಾಡೆಲ್‌ಗೆ ಇದು ಯಾಕೆ ಅಷ್ಟು ಅಪಾಯ ಅಂದರೆ, ತೋಟಾದ ಹಿಂದೆ ನಳಿಗೆಯನ್ನು ಮುಚ್ಚುವ ಅದರ ಬೋಲ್ಟನ್ನು ಹಿಂದಿನಿಂದ ತಡೆದು ಹಿಡಿಯುವುದು ಮೊಣಕಾಲಿನ ಥರ ಮಡಚುವ ಎರಡು ಜೊತೆ ಕೀಲು. ಕರಿಮದ್ದಿನ ಒತ್ತಡಕ್ಕೆ ಸಾಕು, ಅದಕ್ಕಿಂತ ಜಾಸ್ತಿಗಲ್ಲ. ಕೋವಿ ವಿನ್ಯಾಸಕಾರ ಜಾನ್ ಬ್ರೌನಿಂಗ್ 1892ರ ಮಾಡೆಲ್ ಮಾಡಿದಾಗ ಕೀಲು ಬಿಟ್ಟು ಎರಡು ಗಟ್ಟಿ ಉಕ್ಕಿನ ತಡೆ ಕೊಟ್ಟರು. ಆದರೆ 44-40 ತೋಟಾ ಎರಡಕ್ಕೂ ಹಿಡಿಯುತ್ತದೆ! 1892ಕ್ಕೆ ಅಂತ ಜೋರಿನ ತೋಟಾ ಮಾರಿದ ಕಾಲದಲ್ಲಿ 1873ಕ್ಕೆ ಬಳಸಬೇಡಿ ಅಂತ ಡಬ್ಬಿಯ ಮೇಲೇ ಅಚ್ಚು ಹಾಕುತ್ತಿದ್ದರು. ಯಾರೋ ತನ್ನ 1892ಕ್ಕೆ ಹಾಕಿದ ಅಳತೆಯನ್ನು ಹೇಳಿದರೆ ಅದನ್ನು ನಿಮ್ಮ 1873ಕ್ಕೆ ಹಾಕಬೇಡಿ. ಬೇರೆಯವರು ತುಂಬಿ ಕೊಟ್ಟ ತೋಟಾವನ್ನಂತೂ ಮುಟ್ಟಲೇಬೇಡಿ.

ಇನ್ನೊಂದೆರಡು ವಿಷಯ. ಈ ಕೋವಿಯಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಕೂರುತ್ತವೆ. ಗುಂಡಿನ ಮೂತಿ ಚಪ್ಪಟೆ ಇರಲೇಬೇಕು, ಚೂಪಾಗಿದ್ದರೆ ಮುಂದಿನ ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಚುಚ್ಚಿ ಕೊಳವೆಯಲ್ಲೇ ಸಿಡಿಯಬಹುದು. ಕೇಸಿನ ಬಾಯಿ ಗಟ್ಟಿಯಾಗಿ ಒತ್ತಿರಬೇಕು, ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡಕ್ಕೆ ಗುಂಡು ಒಳಗೆ ಜಾರುತ್ತದೆ.

ನಾನೀಗ ಕರಿಮದ್ದಿಗೇ ಹೋಗಿದ್ದೇನೆ, ಸ್ನೇಹಿತರೊಬ್ಬರ 1873ರಲ್ಲಿ. ಕೇಸು ಭರ್ತಿ ಆಗುವುದರಿಂದ ಎರಡು ಸಲ ಹಾಕಲು ಜಾಗವೇ ಇರುವುದಿಲ್ಲ. ಹೊಡೆದ ದಿನವೇ ಬಿಸಿ ಸೋಪು ನೀರಲ್ಲಿ ತೊಳೆಯಬೇಕು, ತೊಳೆಯುತ್ತೇನೆ. ಫೋನ್ ಮನೆಯೊಳಗೆ ಇರುತ್ತದೆ. ಗುಂಡು ಕೂರಿಸುವ ಮೊದಲು ಟ್ರೇ ಮೇಲೆ ಟಾರ್ಚ್ ಹಿಡಿದು ಪ್ರತಿ ಕೇಸಿನೊಳಗೂ ನೋಡುತ್ತೇನೆ. ಸದ್ದು ಅಥವಾ ಒದೆತ ಒಂದು ಚೂರು ಬೇರೆ ಅನಿಸಿದರೂ ಕೋವಿ ಖಾಲಿ ಮಾಡಿ, ನಳಿಗೆಗೆ ಸಲಾಕೆ ಇಳಿಸಿ ನೋಡದೆ ಮುಂದಿನದು ಹೊಡೆಯುವುದಿಲ್ಲ.

ಊರಿನಿಂದ ಓದುತ್ತಿರುವವರು ಇದನ್ನು ಮಾಡಲು ಹೋಗಬೇಡಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಬೇರೆಯದೇ ಲೈಸೆನ್ಸ್ ಬೇಕು.

ಇಲ್ಲಿರುವವರಿಗೆ ಒಂದು ಮಾತು. ನೀವು ಈಗಾಗಲೇ ತುಂಬಿಟ್ಟ ತೋಟಾ ಕಪಾಟಿನಲ್ಲಿದ್ದು, ಪ್ರತಿಯೊಂದರ ಒಳಗೂ ನೋಡಿದ ನೆನಪು ಇಲ್ಲದಿದ್ದರೆ ದಯವಿಟ್ಟು ಬಿಚ್ಚಿ. 31 ಬಿಚ್ಚಲು ನನಗೆ ಎರಡು ಸಂಜೆ ಹಿಡಿಯಿತು.