ಆಫೀಸಿಗೆ ರಾಯದುರ್ಗದ ಜೀನ್ಸ್: ಯಾವ ಪೀಸು ನಡೆಯುತ್ತದೆ, ಯಾವುದು ಬೇಡ

ರಾಯದುರ್ಗದ ಜೀನ್ಸ್ ಆಫೀಸಿಗೆ ಹಾಕಿಕೊಂಡು ಹೋಗಬಹುದೇ ಎಂದು ಕೇಳುವವರು ಬಹಳ. ಧಾರಾಳವಾಗಿ ಹೋಗಬಹುದು, ಆದರೆ ಅಂಗಡಿಯ ಬಾಗಿಲಲ್ಲಿ ತೂಗುಬಿಟ್ಟ ಪೀಸನ್ನು ತೆಗೆದುಕೊಂಡಲ್ಲ. ಬಾಗಿಲಿಗೆ ತೂಗುವುದು ದಾರಿಹೋಕರ ಕಣ್ಣು ಸೆಳೆಯುವ ಮಾಲು: ತೊಡೆಯ ಮೇಲೆ ಬಿಳಿ ಗೆರೆ, ಮಾಸಿದ ಮಂಡಿ, ಹಿಂದಿನ ಜೇಬಿಗೆ ಕಸೂತಿ. ಆಫೀಸಿಗೆ ಬೇಕಾದದ್ದನ್ನು ಒಳಗಿನ ಕಪಾಟಿನಿಂದ ತೆಗೆಸಬೇಕು. 'ಪ್ಲೇನ್ ಡಾರ್ಕ್ ಬ್ಲೂ, ಫೇಡ್ ಇಲ್ಲದ್ದು, ನೀಲಿ ದಾರದ ಹೊಲಿಗೆ' ಎಂದು ಬಿಡಿಸಿ ಕೇಳಿ. ಹಾಗೆ ಕೇಳದಿದ್ದರೆ ಈ ಪೀಸು ಹೊರಗೆ ಬರುವುದೇ ಕಷ್ಟ.

1953ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆಂಧ್ರ ರಾಜ್ಯವಾದಾಗ ಆದೋನಿ, ಆಲೂರುಗಳ ಜತೆ ಅತ್ತ ಸೇರಿ ಈಗ ಅನಂತಪುರ ಜಿಲ್ಲೆಯಲ್ಲಿದೆ. ಗಡಿ ಬದಲಾದರೂ ಬಳ್ಳಾರಿಯ ಜೀನ್ಸ್ ಉದ್ಯಮದ ನಂಟು ಹಾಗೇ ಉಳಿದಿದೆ, ಅಂಗಡಿಗಳಲ್ಲಿ ಕನ್ನಡದಲ್ಲೂ ಚೌಕಾಸಿ ನಡೆಯುತ್ತದೆ. ಊರಿನ ಬಲ ಇರುವುದು ಹೊಲಿಗೆಯಲ್ಲಿ. ಡೆನಿಮ್ ಬಟ್ಟೆ ಮಾತ್ರ ಹೊರಗಿನ ಗಿರಣಿಗಳಿಂದ ಬರುತ್ತದೆ, ಒಂದು ರೋಲಿನ ಗುಣ ಇನ್ನೊಂದರದ್ದಲ್ಲ. ಅದಕ್ಕೇ ಇಲ್ಲಿ ಕೊಳ್ಳುವವರು ಹೊಲಿಗೆಯನ್ನು ಒಂದು ಸಲ ನೋಡಿದರೆ ಬಟ್ಟೆ ಮತ್ತು ವಾಶ್ (ಹೊಲಿದ ಮೇಲೆ ತೊಳೆದು ಬಣ್ಣ ಇಳಿಸುವ ಕೆಲಸ) ಅನ್ನು ಎರಡು ಸಲ ನೋಡಬೇಕು. ಬ್ರ್ಯಾಂಡ್ ಷೋರೂಮಿನ ಬೆಲೆಗಿಂತ ಬಹಳ ಕಡಿಮೆಗೆ ಸಿಗುವ ಈ ಮಾಲಿನಲ್ಲಿ ಮೋಸ ಹೋಗುವುದಿದ್ದರೆ ಆ ಎರಡರಲ್ಲೇ.

ಬಣ್ಣದಿಂದ ಶುರು ಮಾಡೋಣ. ಡೆನಿಮ್‌ನಲ್ಲಿ ಉದ್ದದ ನೂಲಿಗೆ ಮಾತ್ರ ಇಂಡಿಗೊ ಬಣ್ಣ, ಅಡ್ಡ ನೂಲು ಬಿಳಿ. ಉದ್ದದ ನೂಲಿನಲ್ಲೂ ಬಣ್ಣ ಹೊರಸುತ್ತಿಗೆ ಹತ್ತಿರುತ್ತದೆಯೇ ಹೊರತು ನಡುವಿನ ತಿರುಳು ಬೆಳ್ಳಗೇ ಇರುತ್ತದೆ. ಉಜ್ಜಿದಲ್ಲೆಲ್ಲ ಬಿಳುಪು ಹೊರಬೀಳುವುದು ಇದರಿಂದ. ವಾಶಿಂಗ್ ಘಟಕಗಳು ಅದೇ ಗುಣವನ್ನು ಬೇಕೆಂದೇ ಬಳಸುತ್ತವೆ: ಕಲ್ಲು ಹಾಕಿ ತಿರುಗಿಸಿದರೆ ಸ್ಟೋನ್ ವಾಶ್, ಹತ್ತಿಯ ಮೇಲ್ಪದರ ತಿನ್ನುವ ಎಂಜೈಮ್ ಹಾಕಿದರೆ ಎಂಜೈಮ್ ವಾಶ್, ತೊಡೆಗೆ ಪರ್ಮ್ಯಾಂಗನೇಟ್ ಎಂಬ ರಾಸಾಯನಿಕ ಸಿಂಪಡಿಸಿದರೆ ಬಿಳಿ ಮಚ್ಚೆ. ಆಫೀಸಿಗೆ ಸರಿಹೋಗುವುದು ಬರೇ ನೀರಲ್ಲಿ ಜಾಲಿಸಿದ ರಿನ್ಸ್ ವಾಶ್ ಅಥವಾ ಹಗುರ ಎಂಜೈಮ್ ವಾಶ್ ಮಾತ್ರ. ರಿನ್ಸ್ ವಾಶ್ ಗಾಢ ಬಣ್ಣವನ್ನು ಉಳಿಸುತ್ತದೆ, ಹಾಗೆಯೇ ಬಣ್ಣವನ್ನೂ ಹೆಚ್ಚು ಬಿಡುತ್ತದೆ. ಎಂಜೈಮ್ ವಾಶ್ ಮೆತ್ತಗಿರುತ್ತದೆ, ಬಣ್ಣ ಒಂದು ಮಟ್ಟ ಇಳಿದಿರುತ್ತದೆ. ಎರಡೂ ಕೈಗೆ ಸಿಕ್ಕರೆ, ದಿನಾ ಬಿಳಿ ಅಂಗಿ ಹಾಕುವವರು ಎಂಜೈಮ್ ವಾಶ್ ಆರಿಸಿಕೊಳ್ಳುವುದು ಮೇಲು.

ಬಣ್ಣದ ಪರೀಕ್ಷೆ ಸುಲಭ. ಬಿಳಿ ಕರವಸ್ತ್ರದ ಮೂಲೆಯನ್ನು ನೀರಲ್ಲಿ ಅದ್ದಿ ಹಿಂಡಿ, ಪ್ಯಾಂಟಿನ ಒಳಮಡಿಕೆಯಲ್ಲಿ ಹತ್ತು ಸಲ ಒತ್ತಿ ಉಜ್ಜಿ. ತಿಳಿನೀಲಿ ಹತ್ತಿದರೆ ಸಹಜ. ಕಡುನೀಲಿ ಹತ್ತಿದರೆ ಅಂಗಿಯ ಕೆಳತುದಿ, ತಿಳಿಬಣ್ಣದ ಚರ್ಮದ ಬ್ಯಾಗು, ಆಫೀಸಿನ ಕುರ್ಚಿಯ ಬಟ್ಟೆ ಎಲ್ಲಕ್ಕೂ ಬಣ್ಣ ಮೆತ್ತುತ್ತದೆ. ಉಪ್ಪುನೀರಲ್ಲೋ ವಿನೆಗರಿನಲ್ಲೋ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂದು ಅಂಗಡಿಯವರು ಹೇಳುವುದುಂಟು, ನಂಬಬೇಡಿ. ಇಂಡಿಗೊ ಹಾಗೆ ಗಟ್ಟಿಯಾಗುವ ಬಣ್ಣವಲ್ಲ. ಮೇಲೆ ಸಡಿಲವಾಗಿ ಕೂತದ್ದು ತೊಳೆದು ಹೋಗಬೇಕು, ಬೇರೆ ದಾರಿಯಿಲ್ಲ.

ಕಪ್ಪು ಜೀನ್ಸ್ ಇನ್ನೂ ಫಾರ್ಮಲ್ ಆಗಿ ಕಾಣುತ್ತದೆ, ಹೊಸದಿರುವಷ್ಟು ದಿನ. ಅದಕ್ಕೆ ಹಾಕುವ ಸಲ್ಫರ್ ಬಣ್ಣ ಬಿಸಿಲಿಗೂ ಸೋಪಿಗೂ ಬೂದಿಬಣ್ಣಕ್ಕೆ, ಕೆಲವೊಮ್ಮೆ ಕಂದಿಗೆ ತಿರುಗುತ್ತದೆ. ನೀಲಿ ಮಾಸಿದರೂ ನೋಡಲು ಬರುತ್ತದೆ, ಮಾಸಿದ ಕಪ್ಪು ಹಳೆಯದಾಗಿಯೇ ಕಾಣುತ್ತದೆ. ಮೊದಲ ಜೋಡಿ ನೀಲಿಯೇ ಇರಲಿ.

ಬಟ್ಟೆಯ ತೂಕವನ್ನು ಔನ್ಸ್‌ನಲ್ಲಿ ಹೇಳುತ್ತಾರೆ, ಚದರ ಗಜಕ್ಕೆ ಇಷ್ಟು ಎಂದು. 10 ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ. 12 ಔನ್ಸ್‌ನದು 400 ಗ್ರಾಂ ದಾಟುತ್ತದೆ. ಪ್ಯಾಂಟು ನೇರವಾಗಿ ಬೀಳಲು, ಮಂಡಿ ಉಬ್ಬದಿರಲು 12 ಔನ್ಸ್ ಚೆನ್ನ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಅನಂತಪುರದ ಸೀಮೆಯಲ್ಲಿ ಅದನ್ನು ಹಾಕಿ ಬಸ್ಸಿನಲ್ಲಿ ಕೂರುವುದು ಹಿಂಸೆ. ಇಲ್ಲಿಗೆ 9ರಿಂದ 10 ಔನ್ಸ್ ಸರಿ. ಹೊಸೂರಿನಲ್ಲಿ ಕೆಲಸ ಮಾಡುವವರು 11–12ರವರೆಗೆ ಹೋಗಬಹುದು, ಅಲ್ಲಿಯ ಹವೆ ಬೆಂಗಳೂರಿನದೇ. ಕಾಸರಗೋಡು, ಮಂಜೇಶ್ವರದವರಿಗೆ ಶಾಖಕ್ಕಿಂತ ದೊಡ್ಡ ತೊಂದರೆ ತೇವ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ಕಡೆ ದಪ್ಪ ಡೆನಿಮ್‌ನ ಸೊಂಟಪಟ್ಟಿ, ಜೇಬಿನ ಮೂಲೆ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅವರು 9 ಔನ್ಸ್ ದಾಟದಿರುವುದೇ ಒಳ್ಳೆಯದು, ಮಳೆಗಾಲದ ಆಟಿ ತಿಂಗಳಿಗಂತೂ ಎರಡು ಜೋಡಿ ಬೇಕೇ ಬೇಕು.

ಸ್ಟ್ರೆಚ್ ಬಗ್ಗೆ: ಒಳಗಿನ ಲೇಬಲ್ ನೋಡಿ. 98 ಶೇಕಡ ಹತ್ತಿ, 2 ಶೇಕಡ ಎಲಾಸ್ಟೇನ್ ಎಂಬ ಹಿಗ್ಗುವ ನೂಲು ಇದ್ದರೆ ದಿನವಿಡೀ ಕುರ್ಚಿಯಲ್ಲಿ ಕೂರಲು ಹಿತ. ಸ್ಟ್ರೆಚ್ ಜಾಸ್ತಿಯಾದಂತೆ ಮಂಡಿ ಜೋಲುವುದೂ ಬೇಗ. ಪಾಲಿಯೆಸ್ಟರ್ ಹೆಚ್ಚಿದ್ದರೆ ಬೆವರು ಹೀರುವುದಿಲ್ಲ. ಲೇಬಲ್ಲೇ ಇಲ್ಲದ ಮಾಲೂ ಇಲ್ಲಿ ಬಹಳ ಇದೆ, ಆಗ ಕೈಯೇ ಪ್ರಮಾಣ: ಮಂಡಿಯ ಜಾಗವನ್ನು ಎರಡೂ ಹೆಬ್ಬೆರಳಿಂದ ಅಡ್ಡಕ್ಕೆ ಎಳೆದು ಹತ್ತು ಎಣಿಸಿ ಬಿಡಿ. ಬಟ್ಟೆ ತಕ್ಷಣ ಹಿಂದೆ ಸರಿದು ಸಮವಾದರೆ ತೆಗೆದುಕೊಳ್ಳಿ. ಉಬ್ಬು ಉಳಿದರೆ ಎರಡು ವಾರಕ್ಕೆ ನಿಮ್ಮ ಮಂಡಿಯೂ ಹಾಗೇ ಕಾಣುತ್ತದೆ.

ಇನ್ನು ಹೊಲಿಗೆ. ಪ್ಯಾಂಟನ್ನು ಮಗುಚಿ ಹಿಡಿಯಿರಿ. ಹೊರಬದಿಯ ಉದ್ದ ಹೊಲಿಗೆಗೆ, ಅಂಚಿನ ನೂಲು ಬಿಚ್ಚದಂತೆ ಸುತ್ತುವ ಓವರ್‌ಲಾಕ್ ಇರಬೇಕು. ಒಳಬದಿ ಮತ್ತು ಹಿಂಭಾಗದ ಸೀಟಿನ ಜೋಡಣೆ ಎರಡು ಸೂಜಿಯಲ್ಲಿ ಒಂದರೊಳಗೊಂದು ಮಡಚಿ ಹೊಲಿದದ್ದಾಗಿರಬೇಕು. ಅಲ್ಲಿ ಬರೇ ಓವರ್‌ಲಾಕ್ ಮಾಡಿ ಮೇಲೊಂದು ಹೊಲಿಗೆ ಎಳೆದಿದ್ದರೆ ಅದು ದುಡ್ಡು ಉಳಿಸಿದ ಜಾಗ, ಬೈಕ್ ಹತ್ತಿಳಿಯುವವರಿಗೆ ಬಿಚ್ಚುವುದೂ ಅಲ್ಲೇ. ಟೇಪು ಇಟ್ಟು ಒಂದಿಂಚಿನಲ್ಲಿ ಎಷ್ಟು ಹೊಲಿಗೆ ಬಿದ್ದಿದೆ ಎಣಿಸಿ. 7–8 ಇದ್ದರೆ ಸರಿ, 6ಕ್ಕಿಂತ ಕಡಿಮೆಯಿದ್ದರೆ ಅವಸರದ ಕೆಲಸ. ಬೆಲ್ಟ್ ಲೂಪಿನ ಎರಡೂ ತುದಿ, ಜೇಬಿನ ಬಾಯಿ, ಚೈನಿನ ಬುಡ, ಇಷ್ಟು ಕಡೆ ಒತ್ತಾದ ಬಾರ್‌ಟ್ಯಾಕ್ ಹೊಲಿಗೆ ಇರಲೇಬೇಕು. ರಾಯದುರ್ಗದ ಪೀಸುಗಳಲ್ಲಿ ಸಾಮಾನ್ಯವಾಗಿ ಇವೆಲ್ಲ ಗಟ್ಟಿಯಾಗಿಯೇ ಇರುತ್ತವೆ.

ಸೋಲುವುದು ಚಿಕ್ಕ ಸಾಮಾನುಗಳಲ್ಲಿ. ಚೈನನ್ನು ಅರ್ಧಕ್ಕೆ ಏರಿಸಿ, ಅದರ ನಾಲಿಗೆಯನ್ನು ಕೆಳಕ್ಕೆ ಮಡಚಿ, ಎರಡೂ ಬದಿ ಎಳೆದು ನೋಡಿ. ಜಾರಿದರೆ ಲಾಕ್ ಇಲ್ಲದ ಚೈನು. ಲೋಹದ ಗುಂಡಿ ಕೈಯಲ್ಲಿ ಗಿರಗಿರ ತಿರುಗಿದರೆ ಸರಿಯಾಗಿ ಕೂತಿಲ್ಲ, ಬೇಗ ಕಿತ್ತು ಬರುತ್ತದೆ. ಜೇಬಿನ ಒಳಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಗಂಜಿಯ ಪುಡಿ ಉದುರಿದರೆ ಒಳಗಿರುವುದು ತೆಳು ಹತ್ತಿ, ಬೀಗದ ಕೈಗೊಂಚಲಿಗೆ ಹರಿಯುತ್ತದೆ. ಇಂಥ ಪೀಸನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಚೈನು, ಜೇಬು ಎರಡನ್ನೂ ಟೈಲರು ಬದಲಿಸಿಕೊಡುತ್ತಾರೆ. ಬದಲಿಸಲಾಗದ ದೋಷ ಒಂದಿದೆ: ಕಾಲು ತಿರುಚುವುದು. ಬಟ್ಟೆಯ ನೂಲು ಓರೆಯಾಗಿದ್ದರೆ ತೊಳೆದ ಮೇಲೆ ಹೊರಬದಿಯ ಹೊಲಿಗೆ ಸುತ್ತಿಕೊಂಡು ಮುಂಗಾಲಿನ ಮೇಲೆ ಬರುತ್ತದೆ. ಪ್ಯಾಂಟನ್ನು ಮೇಜಿನ ಮೇಲೆ ಸೊಂಟ ಸಮ ಮಾಡಿ ಹರಡಿ. ಕೆಳತುದಿಯಲ್ಲಿ ಆ ಹೊಲಿಗೆ ಒಂದಿಂಚಿಗಿಂತ ಹೆಚ್ಚು ಮುಂದೆ ಸರಿದಿದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಿದ್ದರೂ.

ಜೇಬಿನ ಮೂಲೆಗೆ ಬಡಿಯುವ ಲೋಹದ ರಿವೆಟ್‌ಗಳ ಪೇಟೆಂಟ್ ಲೀವೈ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್‌ಗೆ ಸಿಕ್ಕಿದ್ದು 1873ರಲ್ಲಿ, ದುಡಿಮೆಯ ಪ್ಯಾಂಟಿನ ಜೇಬು ಹರಿಯದಿರಲೆಂದು. ಬಾರ್‌ಟ್ಯಾಕ್ ಗಟ್ಟಿ ಇರುವ ಪ್ಯಾಂಟಿಗೆ ರಿವೆಟ್ ಕಡಿಮೆಯಿದ್ದರೂ ನಷ್ಟವಿಲ್ಲ. ಆಫೀಸಿನ ನೋಟಕ್ಕೆ ಹೊಳೆಯುವ ಹಿತ್ತಾಳೆ ಬಣ್ಣದ್ದಕ್ಕಿಂತ ಮಂಕಾದದ್ದು ಲೇಸು. ಕಿತ್ತಳೆ ದಾರದ ಹೊಲಿಗೆ ದೂರದಿಂದಲೇ ಇದು ಜೀನ್ಸ್ ಎಂದು ಸಾರುತ್ತದೆ, ನೀಲಿ ದಾರ ಸುಮ್ಮನಿರುತ್ತದೆ. ಸೊಂಟದ ಹಿಂದಿನ ರೆಕ್ಸಿನ್ ಪಟ್ಟಿಯನ್ನು ಬ್ಲೇಡಿನ ತುದಿಯಿಂದ ಹೊಲಿಗೆ ಬಿಚ್ಚಿ ತೆಗೆಸಿಬಿಡಿ. ತೊಳೆದಂತೆಲ್ಲ ಅದು ಸುರುಟಿ ಬೆನ್ನಿಗೆ ಚುಚ್ಚುತ್ತದೆ. ತೊಳೆಯುವ ಮೊದಲೇ ತೆಗೆದರೆ ಕೆಳಗೆ ಬಣ್ಣದ ವ್ಯತ್ಯಾಸ ಉಳಿಯುವುದಿಲ್ಲ.

ಅಳತೆಯಲ್ಲಿ ಲೇಬಲ್ಲಿನ 32 ಎಂಬುದನ್ನು ನೆಚ್ಚಬೇಡಿ, ಟೇಪು ಒಯ್ಯಿರಿ. ನಿಮಗೆ ಸರಿಹೊಂದುವ ಹಳೆಯ ಫಾರ್ಮಲ್ ಪ್ಯಾಂಟಿನ ನಾಲ್ಕು ಅಳತೆ ಬರೆದಿಟ್ಟುಕೊಳ್ಳಿ: ಸೊಂಟ, ತೊಡೆ, ಮುಂದಿನ ರೈಸ್ (ಎರಡು ಕಾಲು ಸೇರುವ ಜಾಗದಿಂದ ಸೊಂಟದ ಅಂಚಿನವರೆಗೆ), ಬಾಟಮ್ (ಕಾಲಿನ ಕೆಳತುದಿ). ಗಂಡಸರಿಗೆ ಮುಂದಿನ ರೈಸ್ 10–11 ಇಂಚು ಇರಲಿ. 8–9ರ ಲೋ ರೈಸ್ ಹಾಕಿದರೆ ಕೂತಾಗಲೆಲ್ಲ ಅಂಗಿ ಹೊರಗೆ ಬರುತ್ತದೆ, ಇನ್‌ಶರ್ಟ್ ನಿಲ್ಲುವುದೇ ಇಲ್ಲ. ಬಾಟಮ್ ಸುತ್ತಳತೆ 14ರಿಂದ 15.5 ಇಂಚು: ಅದಕ್ಕಿಂತ ಕಿರಿದಾದರೆ ಷೂ ಮೇಲೆ ಬಟ್ಟೆ ಗುಪ್ಪೆಯಾಗುತ್ತದೆ, ಅಗಲವಾದರೆ ಷೂ ಮುಚ್ಚಿ ನೆಲ ಒರೆಸುತ್ತದೆ. ಸ್ಟ್ರೆಚ್ ಇಲ್ಲದ ಡೆನಿಮ್ ಹಾಕುತ್ತಾ ಹಾಕುತ್ತಾ ಸೊಂಟದಲ್ಲಿ ಅರ್ಧದಿಂದ ಒಂದಿಂಚು ಬಿಡುತ್ತದೆ, ಆದ್ದರಿಂದ ಮೊದಲ ದಿನ ಸ್ವಲ್ಪ ಬಿಗಿಯೇ ಇರಲಿ.

ಹೆಂಗಸರಿಗೆ ಹೈ ರೈಸ್, ನೇರ ಕಾಲಿನದು ಕುರ್ತಿಯ ಕೆಳಗೆ ಚೆನ್ನಾಗಿ ಕೂರುತ್ತದೆ. ಆದರೆ ಮುಂದಿನ ಜೇಬಿನ ರಿವೆಟ್ ಕುರ್ತಿಯ ಸೀಳಿನ ಅಂಚನ್ನೂ ದುಪಟ್ಟಾದ ನೂಲನ್ನೂ ಎಳೆಯುತ್ತದೆ. ಅಂಚು ಒರಟಾಗಿದೆಯೇ ಎಂದು ಬೆರಳಾಡಿಸಿ ನೋಡಿ. ತಿಳಿಬಣ್ಣದ ತೆಳು ಹತ್ತಿ ಕುರ್ತಿಗೆ ತೊಡೆಯ ಹತ್ತಿರ ನೀಲಿ ಹತ್ತುವುದು ಗಂಡಸರ ಅಂಗಿಗಿಂತ ಹೆಚ್ಚು, ಆದ್ದರಿಂದ ಮೇಲೆ ಹೇಳಿದ ಒದ್ದೆ ಕರವಸ್ತ್ರದ ಪರೀಕ್ಷೆಯನ್ನು ಬಿಡಬೇಡಿ.

ಆಲ್ಟರೇಷನ್‌ನಲ್ಲಿ ಕೆಡುವಷ್ಟು ಜೀನ್ಸ್ ಹೊಲಿಗೆಯಲ್ಲೇ ಕೆಡುವುದಿಲ್ಲ. ಉದ್ದ ಕತ್ತರಿಸುವ ಮೊದಲು ಒಂದು ಸಲ ನೀರಲ್ಲಿ ಮುಳುಗಿಸಿ ಒಣಗಿಸಿ. ಬಟ್ಟೆ 3 ಶೇಕಡ ಕುಗ್ಗಿದರೂ 32 ಇಂಚಿನ ಕಾಲಿನಲ್ಲಿ ಹತ್ತಿರ ಹತ್ತಿರ ಒಂದಿಂಚು ಹೋಯಿತು. ನೆನೆಸಿದ ಪೀಸನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಮೇಲಿನ ಪರೀಕ್ಷೆಗಳೆಲ್ಲ ಅಂಗಡಿಯಲ್ಲೇ ಮುಗಿಯಬೇಕು. ಆಫೀಸಿಗೆ ಹಾಕುವ ಷೂ ತೊಟ್ಟು ನಿಂತು ಅಳತೆ ಕೊಡಿ, ಬಟ್ಟೆ ಷೂ ಮುಟ್ಟಿ ಒಂದೇ ಒಂದು ಸಣ್ಣ ಮಡಿಕೆ ಬೀಳಬೇಕು. ಆ ಗುರುತಿನ ಕೆಳಗೆ ಒಂದಿಂಚು ಬಿಟ್ಟು ಕತ್ತರಿಸಿ, ಅರ್ಧರ್ಧ ಇಂಚಿನ ಎರಡು ಮಡಿಕೆ ಹಾಕಿ ಹೊಲಿಯಬೇಕು. 16 ಅಥವಾ 18ರ ಸೂಜಿ, ಅದೇ ನೀಲಿ ದಾರ. ಒಳಬದಿಯ ದಪ್ಪ ಜೋಡಣೆ ಬರುವಲ್ಲಿ ಸೂಜಿ ಮುರಿಯುತ್ತದೆ, ಇಲ್ಲವೇ ಹೊಲಿಗೆ ಹಾರುತ್ತದೆ. ಮೊದಲೇ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು ಚಪ್ಪಟೆ ಮಾಡಿಕೊಂಡರೆ ಆ ತೊಂದರೆಯಿಲ್ಲ. ಕಾಲು ಕಿರಿದು ಮಾಡುವುದಿದ್ದರೆ ಹೊರಬದಿಯ ಓವರ್‌ಲಾಕ್ ಕಡೆಯಿಂದ ಹಿಡಿಯಲು ಹೇಳಿ, ಎರಡು ಸೂಜಿಯ ಒಳಬದಿಯನ್ನು ಬಿಚ್ಚಿದರೆ ಮತ್ತೆ ಹಾಗೆ ಹೊಲಿಯಲು ಊರಿನ ಟೈಲರ ಬಳಿ ಆ ಮೆಷಿನ್ ಇರುವುದಿಲ್ಲ. ಸೊಂಟ ಹಿಡಿಸುವುದು ಹಿಂಭಾಗದ ನಡುವಿನಿಂದ, ಅದೂ ಒಂದೂವರೆ ಇಂಚಿನೊಳಗೆ. ಮೀರಿದರೆ ಹಿಂದಿನ ಎರಡು ಜೇಬು ಹತ್ತಿರ ಬಂದು ವಿಕಾರವಾಗುತ್ತದೆ.

ಮೇಲೆ ಕಾಲರಿನ ಅಂಗಿ, ಕಂದು ಚರ್ಮದ ಷೂ, 35 ಮಿ.ಮೀ. ಅಗಲದ ಬೆಲ್ಟ್ ಸಾಕು. ಓಟದ ಷೂ ಹಾಕಿದರೆ ಇಷ್ಟು ಹುಡುಕಿ ಕೊಂಡದ್ದೂ ವ್ಯರ್ಥ. ಸರಕಾರಿ ಕಚೇರಿಯವರು ತಮ್ಮಲ್ಲಿ ಈಗ ಜಾರಿಯಲ್ಲಿರುವ ಸುತ್ತೋಲೆ ನೋಡಿಕೊಳ್ಳಿ. 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರಕಾರ ಕಚೇರಿಗೆ ಜೀನ್ಸ್, ಟೀ ಶರ್ಟ್ ಬೇಡವೆಂದಾಗ ಅದು ಸೊಲ್ಲಾಪುರ, ಅಕ್ಕಲಕೋಟೆಯ ನೌಕರರಿಗೂ ಅನ್ವಯಿಸಿತ್ತು. ಇಂಥ ಆದೇಶಗಳು ಆಗಾಗ ಬದಲಾಗುತ್ತವೆ.

ತೊಳೆಯುವಾಗ ಒಳಮೈ ಹೊರಗೆ ಮಾಡಿ, ಚೈನು ಹಾಕಿ, ತಣ್ಣೀರು, ಸ್ವಲ್ಪವೇ ದ್ರವ ಸೋಪು, ಮೊದಲ ಮೂರು ಸಲ ಬೇರೆ ಬಟ್ಟೆಯ ಜತೆ ಹಾಕಬೇಡಿ. ಬ್ರಷ್ ಬೇಡವೇ ಬೇಡ. ರಾಯದುರ್ಗದ ಕಡೆ ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ಪೂರ್ತಿ ಹೋಗದೆ ಗಾಢ ನೀಲಿಯ ಮೇಲೆ ಬಿಳಿ ಪಟ್ಟೆ ನಿಲ್ಲುತ್ತದೆ, ಇನ್ನೊಂದು ಸಲ ಜಾಲಿಸಿ. ನೆರಳಲ್ಲಿ ಸೊಂಟದಿಂದ ತೂಗಿ ಒಣಗಿಸಿ. ಇಸ್ತ್ರಿಯನ್ನು ಒಳಗಿನಿಂದ, ಮಧ್ಯಮ ಬಿಸಿಯಲ್ಲಿ ಮಾಡಿ, ಬಿಸಿ ಹೆಚ್ಚಾದರೆ ಎಲಾಸ್ಟೇನ್ ಸಾಯುತ್ತದೆ. ಫಾರ್ಮಲ್ ಪ್ಯಾಂಟಿನಂತೆ ಮುಂದೆ ಗೆರೆ ಹೊಡೆಸಬೇಡಿ. ಆ ಏಣಿನ ಮೇಲೆ ಇಂಡಿಗೊ ಬೇಗ ಸವೆದು ಬಿಳಿ ಗೀಟು ಬೀಳುತ್ತದೆ, ಆಮೇಲೆ ಹೋಗುವುದಿಲ್ಲ. ಮುಂದಿನ ಜೇಬಿನಲ್ಲಿ ದಿನಾ ಮೊಬೈಲ್ ಇಟ್ಟರೂ ಅದೇ ಗತಿ, ಅದರ ಚೌಕ ಅಚ್ಚೊತ್ತಿಬಿಡುತ್ತದೆ.

ಎಲ್ಲ ಪರೀಕ್ಷೆ ಗೆದ್ದ ಪೀಸು ಸಿಕ್ಕಿದರೆ ಅದೇ ಲಾಟಿನಿಂದ ಎರಡನೆಯದನ್ನೂ ಆಗಲೇ ತೆಗೆದುಕೊಳ್ಳಿ. ಮುಂದಿನ ತಿಂಗಳು ಅದೇ ಅಂಗಡಿಯಲ್ಲಿ ಅದೇ ನಂಬರು ಕೇಳಿದರೆ ಅದೇ ಹೊಲಿಗೆ ಸಿಗುತ್ತದೆ, ಬಟ್ಟೆ ಬೇರೆ ರೋಲಿನದಾಗಿರುತ್ತದೆ.