ಗುಮ್‌ನ ಕ್ಯಾಂಟೀನ್ ನಂಬರ್ 57: ಕಟ್ಲೆಟ್‌ನಲ್ಲಿ ಮಾಂಸ ಜಾಸ್ತಿಯಾಯಿತು

ಮಾಸ್ಕೋದ ಕೆಂಪು ಚೌಕದ ಪಕ್ಕದಲ್ಲೇ ಗುಮ್ ಮಳಿಗೆ. ಅದರ ಮೂರನೇ ಮಹಡಿಯಲ್ಲಿ 'ಸ್ತಲೋವಯಾ ನಂಬರ್ 57' ಅಂತ ಒಂದು ಸೆಲ್ಫ್ ಸರ್ವಿಸ್ ಕ್ಯಾಂಟೀನ್ ಇದೆ. ಸೋವಿಯತ್ ಕಾಲದ ಊಟದ ನೆನಪಿಗೆಂದೇ ಮಾಡಿದ ಜಾಗ. ಎಂಬತ್ತರ ದಶಕದಲ್ಲಿ ಇದೇ ಊರಿನಲ್ಲಿ ಪಿಎಚ್‌ಡಿ ಮಾಡಿದವಳು ನಾನು. ಹಾಗಾಗಿ ನನ್ನನ್ನು ಮೆಚ್ಚಿಸುವುದು ಸ್ವಲ್ಪ ಕಷ್ಟ.

ಟ್ರೇ ತಳ್ಳಿಕೊಂಡು ಹೋಗಬೇಕು, ಬೇಕಾದ್ದು ಎತ್ತಿಟ್ಟುಕೊಳ್ಳಬೇಕು, ಕೊನೆಗೆ ದುಡ್ಡು ಕೊಡಬೇಕು. ಬೀಟ್‌ರೂಟಿನ ವಿನೆಗ್ರೆತ್ ಸಲಾಡ್ ಚೆನ್ನಾಗಿತ್ತು. ಆಲೂಗಡ್ಡೆ ಕರಗಿರಲಿಲ್ಲ, ಉಪ್ಪುನೀರಿನ ಸೌತೆಕಾಯಿಯ ಹುಳಿ ಹದವಾಗಿ ಹತ್ತಿತ್ತು. ಗ್ರೇಚ್ಕಾ, ಅಂದರೆ ಬೇಯಿಸಿದ ಬಕ್‌ವೀಟ್ ಕಾಳು, ಉದುರುದುರಾಗಿತ್ತು. ಮಗಳು ಕಟ್ಲೆಟ್ ತಿಂದು, 'ಪೂರ್ತಿ ಮಾಂಸಾನೇ ಅಮ್ಮ' ಅಂದಳು. ನನಗೆ ಅನುಮಾನ ಬಂದದ್ದೇ ಅಲ್ಲಿ. ನಮ್ಮ ಕಾಲದ ಕಟ್ಲೆಟ್‌ನಲ್ಲಿ ಬ್ರೆಡ್ಡೇ ಜಾಸ್ತಿ ಅಂತ ಅದನ್ನು ತಿನ್ನುವವರೇ ಗೊಣಗುತ್ತಿದ್ದರು.

ಅಡುಗೆ ಸರಿಯಾಗಿದೆ. ಆದರೆ ಇದು ಹಬ್ಬದ ದಿನದ ಸೋವಿಯತ್ ಊಟ. ನನ್ನ ಪಿಎಚ್‌ಡಿ ಗೈಡ್ ಮೇಡಂ ದಿನಾ ಉಣ್ಣುತ್ತಿದ್ದದ್ದು ಇದಲ್ಲ. ಅವರು ದೊತ್ಸೆಂಟ್, ಅಂದರೆ ನಮ್ಮ ಯೂನಿವರ್ಸಿಟಿಗಳಲ್ಲಿ ಆಗ ರೀಡರ್ ಅನ್ನುತ್ತಿದ್ದ, ಈಗಿನ ಅಸೋಸಿಯೇಟ್ ಪ್ರೊಫೆಸರ್ ಇದ್ದ ಹಾಗೆ. ಸಂಬಳ ಸುಮಾರು 300 ರೂಬಲ್. ಆಗ ಮೆಟ್ರೋಗೆ 5 ಕೊಪೆಕ್ (ನೂರು ಕೊಪೆಕ್‌ಗೆ ಒಂದು ರೂಬಲ್), ಕ್ಯಾಂಟೀನ್ ಊಟ ಒಂದು ರೂಬಲ್‌ನೊಳಗೆ. ದುಡ್ಡಿಗೆ ತಾಪತ್ರಯ ಇರಲಿಲ್ಲ, ಅಂಗಡಿಯಲ್ಲಿ ಸಾಮಾನಿಗೆ ಇತ್ತು. ಹಾಗಾಗಿ ಊಟದ ಹೊತ್ತಿನ ಮಾತೆಲ್ಲ ಎಲ್ಲಿ ಏನು ಬಂದಿದೆ ಅನ್ನುವುದೇ. ಮೇಡಂ ಬ್ಯಾಗಿನಲ್ಲಿ ಲೆಕ್ಚರ್ ನೋಟ್ಸ್ ಮರೆತರೂ 'ಅವೋಸ್ಕಾ' ಅನ್ನುವ ಬಲೆ ಚೀಲ ಮರೆಯುತ್ತಿರಲಿಲ್ಲ.

ನವೆಂಬರ್ ಹಬ್ಬದ, ಅಂದರೆ ಅಕ್ಟೋಬರ್ ಕ್ರಾಂತಿಯ ದಿನಾಚರಣೆಯ ಮುಂಚೆ ನಮ್ಮ ವಿಭಾಗಕ್ಕೆ 'ಜಕಾಜ್' ಬರುತ್ತಿತ್ತು. ಅಂದರೆ ಕೆಲಸದ ಜಾಗದಲ್ಲೇ ದುಡ್ಡು ಕೊಟ್ಟು ಕೊಳ್ಳುವ ದಿನಸಿ ಪೊಟ್ಟಣ. ಗ್ರೇಚ್ಕಾ, ಇನ್‌ಸ್ಟಂಟ್ ಕಾಫಿ, ಒಂದು ಡಬ್ಬಿ ಮೀನು, ಆನೆ ಚಿತ್ರದ ಇಂಡಿಯನ್ ಟೀ. ಜೊತೆಗೆ ಯಾರಿಗೂ ಬೇಡವಾದ ಸಮುದ್ರ ಪಾಚಿಯ ಡಬ್ಬಿ. ಅದನ್ನೂ ತೆಗೆದುಕೊಳ್ಳಲೇಬೇಕು. ಪೊಟ್ಟಣ ಕಡಿಮೆ ಬಿದ್ದರೆ ಟೋಪಿಯೊಳಗೆ ಚೀಟಿ ಹಾಕಿ ಎತ್ತುವುದು. ಪ್ರೊಫೆಸರೂ ಅದೇ ಟೋಪಿಗೆ ಕೈ ಹಾಕಬೇಕು. ಆ ಹಳದಿ ಟೀ ಪ್ಯಾಕೆಟ್ ಸಿಕ್ಕವರು ನನ್ನ ಕಡೆ ನೋಡಿ ತಲೆಬಾಗಿ ಥ್ಯಾಂಕ್ಸ್ ಹೇಳುತ್ತಿದ್ದರು, ತೋಟ ನಮ್ಮಪ್ಪನದೇ ಅನ್ನೋ ಥರ!

ಸೆಪ್ಟೆಂಬರ್ ಬಂದರೆ ಮೇಷ್ಟರುಗಳೂ ವಿದ್ಯಾರ್ಥಿಗಳ ಜೊತೆ ಆಲೂಗಡ್ಡೆ ಹೊಲಕ್ಕೆ ಹೋಗಬೇಕಿತ್ತು. ಆಮೇಲೆ ತರಕಾರಿ ಗೋದಾಮಿನಲ್ಲಿ ಕೊಳೆತ ಎಲೆಕೋಸು ಆರಿಸುವ ಪಾಳಿ. ನನ್ನ ಥೀಸಿಸ್‌ನ ಎರಡನೇ ಅಧ್ಯಾಯವನ್ನು ಮೇಡಂ ತಿದ್ದಿದ್ದು ಆ ಗೋದಾಮಿಗೆ ಹೋಗುವ ಬಸ್ಸಿನಲ್ಲಿ. ಕೈಗವಸು ಬಿಚ್ಚದೆ ಪೆನ್ಸಿಲ್ ಹಿಡಿದಿದ್ದರು. ಆ ಪುಟಗಳಲ್ಲಿ ಅವರ ಅಕ್ಷರ ಈಗಲೂ ಓದಲು ಬರುವುದಿಲ್ಲ.

1976ರಿಂದ ಸೋವಿಯತ್ ಕ್ಯಾಂಟೀನ್‌ಗಳಲ್ಲಿ ಗುರುವಾರ ಮೀನಿನ ದಿನವಾಗಿತ್ತು. ಅವತ್ತು ನನ್ನಂಥ ಸಸ್ಯಾಹಾರಿಗೆ ಆಲೂಗಡ್ಡೆ ಪ್ಯೂರೆ, ಬ್ರೆಡ್, ಟೀ. ದೊಡ್ಡ ಪಾತ್ರೆಯಲ್ಲೇ ಸಕ್ಕರೆ ಬೆರೆಸಿಟ್ಟ ಟೀ ಅದು. ಬೇಡ ಅನ್ನುವ ಹಾಗಿರಲಿಲ್ಲ. 57ರಲ್ಲಿ ಸಕ್ಕರೆ ನಾವೇ ಹಾಕಿಕೊಳ್ಳುತ್ತೇವೆ. ಯಾರಿಗಾದರೂ ಇದು ಒಳ್ಳೆಯದೇ, ನನಗೆ ಸುಮ್ನೆ ಬೇಜಾರು.

ಸುತ್ತ ಕೂತವರು ಹೆಚ್ಚಿನವರು ಪ್ರವಾಸಿಗರು. ಫೋಟೋ ತೆಗೆದೇ ಊಟ. ಅದರಲ್ಲಿ ತಪ್ಪೇನಿಲ್ಲ, ನನ್ನ ಮಗಳೂ ತೆಗೆದಳು.

ಮಾಂಸ ತಿನ್ನದವರಿಗೆ ಒಂದು ಮಾತು: ಬೋರ್ಷ್ ಅನ್ನುವ ಬೀಟ್‌ರೂಟ್ ಸೂಪನ್ನು ಸಾಮಾನ್ಯವಾಗಿ ಮಾಂಸದ ಸಾರಿನಲ್ಲೇ ಮಾಡುವುದು, ಕೇಳಿ ತೆಗೆದುಕೊಳ್ಳಿ. ಪನೀರಿನಂಥ ಮೆತ್ತನೆ ಚೀಸ್‌ನಿಂದ ಮಾಡುವ, ಪುಟ್ಟ ದೋಸೆಯಂತೆ ಕಾಣುವ ಸಿರ್ನಿಕಿಯಲ್ಲಿ ಮೊಟ್ಟೆ ಇರುತ್ತದೆ. ವಿನೆಗ್ರೆತ್, ಗ್ರೇಚ್ಕಾ, ಒಣಹಣ್ಣು ಕುದಿಸಿ ಮಾಡುವ ಕಂಪೋತ್ ಪಾನಕ, ಇಷ್ಟರಲ್ಲಿ ಹೊಟ್ಟೆ ತುಂಬುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಸಾಲು ಉದ್ದವಾಗುತ್ತದೆ, ಸ್ವಲ್ಪ ಬೇಗ ಹೋಗಿ.